ಗೋದಾಬಾಯಿಯ ಹಾಸಿಗೆ

"ಅದು ಗೋದಾಬಾಯಿ ಸತ್ತ ಹಾಸಿಗೆಪ್ಪಾ. ಹೇಳಿದ ಮಾತು ಕೇಳು, ಎಲ್ಲಿತ್ತೋ ಅಲ್ಲೇ ಬಿಸಾಕು," ಎಂದರು ಮನೆ ಒಡತಿ ಭೀಮಾಬಾಯಿ, ಬಾಗಿಲಿಗೆ ಅಡ್ಡ ನಿಂತು. "ಹರಿಕಥೆ ಮಾಡ್ತಿದ್ದಳು ಅವಳು. ಆಗದವರು ಯಾರೋ ಮಾಟ ಮಾಡಿಸಿ ಬಾಯಿ ಕಟ್ಟಿಸಿದರು. ಸಾಯೋ ತನಕ ಒಂದು ಮಾತಿಲ್ಲ."

ಹೆಗಲ ಮೇಲಿನ ಹಾಸಿಗೆ ಸರಿಮಾಡಿಕೊಳ್ಳುತ್ತಾ ಬದರಿನಾಥ ನಕ್ಕ. "ಬಾಯಿ ಕಟ್ಟೋ ಹಾಸಿಗೇನೇ ನನಗೂ ಬೇಕು ಮಾಮಿ. ಈ ಬೀದಿ ಬಾಯಿ ಕಟ್ಟಿದರೆ ಸಾಕು!"

ಪಾಪ, ರೋಸಿಹೋಗಿದ್ದ. ವಿಮಾ ಕಚೇರಿಯ ಕೌಂಟರಿನಲ್ಲಿ ಸವೆಯುತ್ತಿದ್ದವನಿಗೆ ಇದ್ದದ್ದು ಒಂದೇ ಆಸೆ, ಸಿನಿಮಾಕ್ಕೆ ಧ್ವನಿ ಕೊಡಬೇಕು. ಸಿನಿಮಾ ಸ್ಟುಡಿಯೋಗಳ ಕೋಡಂಬಾಕ್ಕಂನಲ್ಲಿ ಕನ್ನಡ ಚಿತ್ರವೊಂದರ ನಾಯಕನಿಗೆ ಧ್ವನಿ ಬೇಕಾಗಿತ್ತು. ಶುಕ್ರವಾರ ಪರೀಕ್ಷೆ. ಮನೆಯಲ್ಲೇ ಸಂಭಾಷಣೆಯನ್ನು ಟೇಪಿಗೆ ಹಿಡಿದು ತಿದ್ದಿಕೊಳ್ಳೋಣವೆಂದರೆ ಟಿ. ನಗರದ ಬೀದಿ ಬಿಟ್ಟರೆ ತಾನೇ! ಬಸ್ಸಿನ ಹಾರನ್ನು ನಿಂತರೆ ಪಾತ್ರೆ ಅಂಗಡಿಯ ಠಣಠಣ. ಅದು ನಿಂತರೆ ತಮಿಳರ ಆಡಿ ತಿಂಗಳ ಮಾರಿಯಮ್ಮನ ಹಬ್ಬದ ಲೌಡ್‌ಸ್ಪೀಕರು. ಸಿಟ್ಟೆಲ್ಲ ಹೆಂಡತಿ ತುಂಗಾಳ ಮೇಲೆ.

"ಶ್! ಬಾಯಿ ಮುಚ್ಚೇ!"

"ಉಸಿರಾಡೋದಕ್ಕೂ ನಿಮ್ಮ ಅಪ್ಪಣೆ ಬೇಕೇನ್ರೀ?"

ಕೊನೆಗೆ ಕೋಣೆಯ ಮೂಲೆಯಲ್ಲಿ ಹಳೇ ಪೆಟ್ಟಿಗೆಗಳ ಹಲಗೆ ಹೊಡೆದು ಆಳೆತ್ತರದ ಗೂಡು ಕಟ್ಟಿದ. ಸದ್ದು ತಡೆಯಲು ಒಳಗೆ ಮೊಟ್ಟೆಯ ಟ್ರೇ ಬಡಿಯಬೇಕಂತೆ. ಮಡಿಯ ಭೀಮಾಬಾಯಿಯ ಮನೆಗೆ ಮೊಟ್ಟೆಯ ಟ್ರೇ ಬಂದರೆ ಅಂದೇ ಇವನ ಪಾತ್ರೆ ಪಡಗ ಬೀದಿಗೆ. ಅದಕ್ಕೇ ಈ ಬುದ್ಧಿವಂತ, ಸಾವಿನ ಮನೆಯವರು ಬೀದಿಕೊನೆಯಲ್ಲಿ ಎಸೆದಿದ್ದ ಬೂರುಗದ ಹತ್ತಿಯ ಹಾಸಿಗೆ ಹೊತ್ತು ತಂದಿದ್ದ. ಅದನ್ನೇ ಸೀಳಿ ಗೋಡೆಗೆ ಬಡಿದ.

ಗುರುವಾರ ಮಧ್ಯಾಹ್ನ ರಜೆ ಹಾಕಿ ಒಳಗೆ ಹೊಕ್ಕ. ಕಷಾಯ, ಹರಳೆಣ್ಣೆ, ಕಾಯಿಲೆಯ ಬೆವರು, ಎಲ್ಲ ಸೇರಿದ ಕಮಟು ಮೂಗಿಗೆ ಅಡರಿತು. ಬಾಗಿಲೆಳೆದ. ಕಗ್ಗತ್ತಲು. ಬೀದಿ ಸತ್ತುಹೋಯಿತು. ಆಹಾ, ಎಂದುಕೊಂಡು ಟೇಪು ಒತ್ತಿ ಸಂಭಾಷಣೆ ಶುರುಮಾಡಿದ.

ಅವನ ಮಾತು ಅವನಿಗೇ ಕೇಳಲಿಲ್ಲ.

ಟೇಪು ಹಿಂದಕ್ಕೆ ತಿರುಗಿಸಿ ಹಾಕಿದ. ಅವನ ಧ್ವನಿಯಿಲ್ಲ. ಯಾರೋ ಉಗುಳು ನುಂಗುತ್ತಿದ್ದರು. ಮುದುಕಿಯ ಗಂಟಲು. ಮತ್ತೆ ಮತ್ತೆ ನುಂಗುತ್ತಿತ್ತು. ಬೆನ್ನ ಹಿಂದಿನ ಹತ್ತಿ ಉಬ್ಬಿತು. ಇಳಿಯಿತು. ಉಬ್ಬಿತು. ಬಾಗಿಲು ತಳ್ಳಿದ. ಜಗ್ಗಲಿಲ್ಲ. ಗುದ್ದಿದ. ಗುದ್ದಿಗೂ ಸದ್ದಿಲ್ಲ. ಕೂಗಿದ. ಬಾಯಿತುಂಬ ಹತ್ತಿ.

ಕಾಫಿಗೆ ಕರೆಯಲು ಬಂದ ತುಂಗಾ ಬಾಗಿಲು ಎಳೆದಾಗ ಅವನು ಹೊರಗೆ ಬಿದ್ದ. ಬಾಯಿ ಆಡುತ್ತಿತ್ತು, ಧ್ವನಿಯಿರಲಿಲ್ಲ. ಅವಳ ಚೀರಾಟಕ್ಕೆ ಓಡಿಬಂದ ಭೀಮಾಬಾಯಿ ಹತ್ತಿಯನ್ನು ಕೆದಕಿಸಿದರು. ಒಳಗೆ ಒಂದು ಕರಿದಾರದ ಗಂಟು. ಗಂಟಿನಲ್ಲಿ ಕೂದಲು, ಉಗುರು.

"ಈ ಮಾಟ ನನಗೆ ಗೊತ್ತು. ಬಿಚ್ಚಿದರೆ ಇವನ ಧ್ವನಿ ಬರತ್ತೆ. ಬಿಚ್ಚಿದವರದು ಹೋಗತ್ತೆ. ವೇಂಡಾಮ್ಮಾ ತುಂಗಾ, ಬೇಡ!"

ಬದರಿನಾಥ ಹೆಂಡತಿಯ ಕಾಲು ಹಿಡಿದುಕೊಂಡ. ಕಣ್ಣಲ್ಲಿ ದಳದಳ ನೀರು. ತುಂಗಾ ಗಂಟು ಬಿಚ್ಚಿದಳು.

"ತುಂಗಾ!" ಅವನ ಧ್ವನಿ ಕಂಚಿನಂತೆ ಮೊಳಗಿತು. ಅವಳ ತುಟಿ ಮಾತ್ರ ಅಲುಗಿತು.

"ಅವಳೇ ಮತ್ತೆ ಗಂಟು ಹಾಕಿದರೆ ಅವಳದು ಅವಳಿಗೆ ಬರತ್ತೆ," ಭೀಮಾಬಾಯಿ ಪಿಸುಗುಟ್ಟಿದರು. "ನಿಂದು ಹೋಗತ್ತೆ."

ಅವನು ಹೆಂಡತಿಯ ಮುಖ ನೋಡಲಿಲ್ಲ. "ನಾಳೆ ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ. ಒಂದು ದಿನ ಸುಮ್ಮನಿರೋದಕ್ಕೇನು ಕಷ್ಟ?" ಎಂದವನೇ ಅಂಗಿಗೆ ಇಸ್ತ್ರಿ ಹಾಕಲು ಕೂತ. ತುಂಗಾ ದಾರವನ್ನು ಮುಷ್ಟಿಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದಳು.

ಶುಕ್ರವಾರ ಸ್ಟುಡಿಯೋದಲ್ಲಿ ಮೊದಲ ಮಾತಿಗೇ ನಿರ್ದೇಶಕರು ತಲೆದೂಗಿದರು. "ಇದೇ ಧ್ವನಿ ಬೇಕಾಗಿತ್ತು ಕಣಯ್ಯಾ. ಇನ್ನೊಂದು ಸಲ, ಪೂರ್ತಿ ಹೇಳು." ಕೆಂಪು ದೀಪ ಹತ್ತಿತು. ಬದರಿನಾಥ ಎದೆತುಂಬ ಉಸಿರೆಳೆದು ಬಾಯಿ ತೆರೆದ.

ಏನೂ ಬರಲಿಲ್ಲ. ಮತ್ತೆ ತೆರೆದ. ನಾಲಿಗೆಯ ಮೇಲೆ ಹತ್ತಿ.

ಬಸ್ಸಿಗೂ ಕಾಯದೆ ಮನೆಗೆ ಓಡಿದ. ಒಳಗಿನಿಂದ ತುಂಗಾಳ ಮಾತು, ನಗು. ಭೀಮಾಬಾಯಿಯ ಜತೆ ಹರಟುತ್ತಿದ್ದಳು. ಅವನು ದಡಕ್ಕನೆ ಕಾಲಿಗೆ ಬಿದ್ದು, ಬೆರಳಲ್ಲಿ ಗಂಟಿನ ಸನ್ನೆ ಮಾಡಿ, ಬಿಚ್ಚು ಬಿಚ್ಚು ಎಂದು ಬಾಯಾಡಿಸಿದ.

ಬಚ್ಚಲ ಕಡೆಯಿಂದ ಸುಟ್ಟ ಕೂದಲಿನ ನಾತ ಬರುತ್ತಿತ್ತು.

"ಗಂಟನ್ನ ಒಲೆಗೆ ಹಾಕಿದೆ ಕಣ್ರೀ," ಎಂದಳು ತುಂಗಾ. "ಏಳಿ, ಕೈಕಾಲು ತೊಳಕೊಂಡು ಬನ್ನಿ. ಕಾಫಿ ಕೊಡ್ತೀನಿ."