ಬಾವಿ ಔಷಧದ ಕಲೆ

೧೯೩೪ರ ಜುಲೈ ಹತ್ತು, ಮಂಗಳವಾರ. ಬೆಳಿಗ್ಗೆ ಏಳರ ಹೊತ್ತಿಗೆ ದವಾಖಾನೆಯ ಕಸ ಹೊಡೆಯುವ ಎರ್ರೆಮ್ಮ ಏದುಸಿರು ಬಿಡುತ್ತ ಕಂಪ್ಲಿ ಠಾಣೆಗೆ ಬಂದಳು.

"ಡಾಕ್ಟರ್‌ನ ಹೊಡದು ಹಾಕ್ಯಾರ್ರಿ ಸಾಹೇಬ್ರ! ಮುಖ ಅನ್ನೋದ ಉಳಿದಿಲ್ರಿ!"

ಸಬ್ ಇನ್‌ಸ್ಪೆಕ್ಟರ್ ಹಾಲಸ್ವಾಮಿ ಎಫ್‌ಐಆರ್ ಬರೆಸಿ, ಕಾನ್‌ಸ್ಟೇಬಲ್ ಪಾಲಯ್ಯನ ಜೊತೆ ಹೊರಟರು. ಊರಿಗೆ ಕಾಲರಾ ಬಂದು ತಿಂಗಳಾಗಿತ್ತು. ಹೆಣ ನೋಡಿ ನೋಡಿ ಅವರ ಮನಸ್ಸು ಕಲ್ಲಾಗಿತ್ತು. ಆದರೂ ಡಾಕ್ಟರ್ ಮುದುಕಪ್ಪನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಔಷಧ ಕುಟ್ಟುವ ಕಬ್ಬಿಣದ ಕುಟ್ಟಾಣಿಯಿಂದ ಮುಖವನ್ನೇ ಜಜ್ಜಿದ್ದರು. ಹಲ್ಲುಗಳು ಗೋಡೆಯ ಬುಡದಲ್ಲಿ ಬಿದ್ದಿದ್ದವು. ಹೊಡೆದಾಟದಲ್ಲಿ ಬಾವಿಗೆ ಹಾಕುವ ಔಷಧದ ಡಬ್ಬಿ ಉರುಳಿ, ನೇರಳೆ ಹರಳುಗಳು ರಕ್ತದಲ್ಲಿ ನೆನೆದಿದ್ದವು.

ಪಂಚರ ಮುಂದೆ ಪಂಚನಾಮೆ ನಡೆಯುತ್ತಿದ್ದಾಗ ಪಾಲಯ್ಯ ಸುಮ್ಮನಿರಲಾರದೆ ಹರಳನ್ನು ಬೆವರುಗೈಯಲ್ಲಿ ಹಿಸುಕಿ ನೋಡಿದ. ಬೆರಳು ನೇರಳೆಯಾಗಿ, ನೋಡನೋಡುತ್ತ ಕಂದಾಯಿತು. ಸೀಗೆಪುಡಿ ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ. ಕಲೆ ಹೋಗಲಿಲ್ಲ.

"ಶಾಬಾಸ್ ಪಾಲಯ್ಯ," ಎಂದರು ಹಾಲಸ್ವಾಮಿ. "ನಿನ್ನ ಹುಚ್ಚಾಟ ಒಮ್ಮಿಯಾರ ಕೆಲ್ಸಕ್ಕ ಬಂತು. ಕೊಂದಾವನ ಕೈನೂ ಹಿಂಗ ಆಗಿರ್ತೈತಿ."

"ಡಾಕ್ಟರ್ ಮ್ಯಾಲೆ ಯಾರಿಗೆ ಸಿಟ್ಟಿತ್ತು?" ಎಂದು ಎರ್ರೆಮ್ಮನನ್ನು ಕೇಳಿದರು.

"ಯಾರಿಗಿಲ್ರಿ? ಕಾಲರಾ ಶೆಡ್ಡಿನಾಗ ಸತ್ತವ್ರನ್ನ ಮನಿಯವ್ರಿಗೆ ಕೊಡ್ತಿರಲಿಲ್ರಿ. ಅಲ್ಲೇ ಸುಡಸ್ತಿದ್ರು."

ಲೈಸೆನ್ಸ್ ಪಡೆದ ದವಾಖಾನೆಗಳಿಗೆಲ್ಲ ಸೋಮವಾರಕ್ಕೊಂದು ಸರ್ಕಾರಿ ಸುತ್ತೋಲೆ ಬರುತ್ತಿತ್ತು. ಬಾವಿಗೆ ಔಷಧ ಹಾಕಿ, ರೋಗಿಯನ್ನು ಶೆಡ್ಡಿಗೆ ಸಾಗಿಸಿ, ಸತ್ತವರನ್ನು ಸುಡಿ. ಮುದುಕಪ್ಪ ಅಕ್ಷರ ತಪ್ಪದ ಮನುಷ್ಯ. ಅದರಿಂದ ಎಷ್ಟೋ ಜೀವ ಉಳಿದವು, ಎಷ್ಟೋ ಮನೆ ಅವನಿಗೆ ಶಾಪ ಹಾಕಿದವು. ಹೆಣ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುವ ಮನೆಗಳಿಗೆ ಸುಡುವುದೆಂದರೆ ಏನೆಂದು ಹಾಲಸ್ವಾಮಿಗೆ ಯಾರೂ ಹೇಳಬೇಕಿರಲಿಲ್ಲ. ಅವರದೂ ಅಂಥದೇ ಮನೆತನ.

ಆ ವಾರ ಶೆಡ್ಡಿನಲ್ಲಿ ಸತ್ತವರ ಮನೆಗಳಿಗೆ ಒಂದೊಂದಾಗಿ ಹೋದರು. ಮಧ್ಯಾಹ್ನ ಎಮ್ಮಿಗನೂರು ಮುಟ್ಟಿದರು. ಭತ್ತದ ವ್ಯಾಪಾರಿ ಜಡೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಭಾನುವಾರ ಅವನ ಹೆಂಡತಿ ಪಂಪಮ್ಮ ಸತ್ತಿದ್ದಳು. ಸುಡುವ ಸೆಕೆಯಲ್ಲೂ ಅವನು ಮೈತುಂಬ ಕಂಬಳಿ ಹೊದ್ದಿದ್ದ.

"ಸೆಕಿ ಭಾಳ ಐತಿ. ಕಂಬಳಿ ಯಾಕ್ರಿ?" ಎಂದರು ಹಾಲಸ್ವಾಮಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಡೆಪ್ಪ ಕೈಗಳನ್ನು ಇನ್ನೂ ಒಳಗೆ ಎಳೆದುಕೊಂಡ.

"ಜಡೆಪ್ನೋರ, ಕೈ ತೋರಸ್ರಿ."

ಕೈ ಹೊರಗೆ ಬಂತು, ಜೊತೆಗೆ ಭತ್ತ ಅಳೆಯುವ ಕಬ್ಬಿಣದ ಸೇರೂ ಬಂತು. ಪಾಲಯ್ಯನ ದವಡೆ ಒಡೆದು ರಕ್ತ ಚಿಮ್ಮಿತು. ಹಾಲಸ್ವಾಮಿ ಲಾಠಿಯಿಂದ ಮಣಿಕಟ್ಟಿಗೆ ಹೊಡೆದರು, ಮೂಳೆ ಮುರಿಯಿತು. ಜಡೆಪ್ಪ ಕುಸಿದ. ಎರಡೂ ಅಂಗೈ ಕಂದುಗಟ್ಟಿದ್ದವು.

ಬೇಡಿ ಬಿದ್ದ ಮೇಲೆ ಹಾಲಸ್ವಾಮಿ ಕೇಳಿದರು, "ಕೊಲ್ಲಾಕಂತನ ಹೋಗಿದ್ರೇನು?"

"ಇಲ್ರಿ. ಆಕಿ ಲಿಂಗನಾದ್ರೂ ಕೊಡ್ರಿ ಅಂತ ಕೇಳಾಕ ನಿನ್ನೆ ಸಂಜಿಕ ಹೋಗಿದ್ದೆ. ಡಾಕ್ಟರ್ ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಸಮಾಧಾನ ಹೇಳಿದ. 'ಹೊಸ ಆರ್ಡರ್ ಈಗ ಬಂತು ಜಡೆಪ್ಪ, ಇನ್ನ ಮ್ಯಾಲೆ ಸುಡಂಗಿಲ್ಲ, ಸುಣ್ಣ ಹಾಕಿ ಮನಿಯವ್ರ ಮಣ್ಣು ಕೊಡಬೌದು' ಅಂದ." ಜಡೆಪ್ಪನ ಧ್ವನಿ ಸೀಳಿತು. "ಆಕಿ ಐತಾರ ಸತ್ಲು ಸಾಹೇಬ್ರ. ಆರ್ಡರ್ ಸೋಮಾರ ಬಂತು. ಆಮ್ಯಾಲೆ ನನ್ನ ಕೈ ನನ್ನ ಮಾತು ಕೇಳ್ಲಿಲ್ಲ."

ಹಾಲಸ್ವಾಮಿಗೆ ಸಂಕಟವಾಯಿತು, ಸತ್ತವನಿಗಾಗಿಯೂ, ಇವನಿಗಾಗಿಯೂ. ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮೊದಲು ಜಡೆಪ್ಪ ತಲೆಯೆತ್ತಿದ.

"ಗಲ್ಲಿಗೆ ಹಾಕಿದ ಮ್ಯಾಲೆ ನನಗ ಮಣ್ಣು ಕೊಡಬ್ಯಾಡ್ರಿ."

"ಮತ್ತ?"

"ಸುಡ್ರಿ. ಆಕಿನ್ನ ಸುಟ್ಟ ಜಾಗದಾಗ ಸುಡ್ರಿ."

ಹಾಲಸ್ವಾಮಿ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.