ಮುನಿಲಕ್ಷ್ಮಿಯ ಶನಿವಾರಗಳು

ಕೇಕಿಗೆ ಚಾಕು ತಾಗುವ ಮೊದಲೇ ಮುನಿಗಂಗಮ್ಮನ ಕೈಯಲ್ಲಿದ್ದ ಸ್ಟೀಲಿನ ತಟ್ಟೆ ನೆಲಕ್ಕೆ ಅಪ್ಪಳಿಸಿ, ನಡುಮನೆಯ ಉದ್ದಕ್ಕೂ ಉರುಳಿ, ಗೋಡೆಗೆ ಬಡಿದು ನಿಂತಿತು.

"ವದ್ದು! ನಾ ಇಂಟ್ಲೋ ವದ್ದು!"

ಕೋಪ ನೆತ್ತಿಗೇರಿದರೆ ಮುನಿಗಂಗಮ್ಮನ ಬಾಯಲ್ಲಿ ತೆಲುಗು ತಾನಾಗಿಯೇ ಬರುತ್ತಿತ್ತು. ಬೇಡ, ನನ್ನ ಮನೆಯಲ್ಲಿ ಬೇಡ... ಎಪ್ಪತ್ತೆಂಟರ ಆ ಮುದುಕಿಯ ಮೈಯೆಲ್ಲ ನಡುಗುತ್ತಿತ್ತು. ಐವತ್ತು ಎಂದು ಬರೆದ ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದ ಸೊಸೆ ಮುನಿಲಕ್ಷ್ಮಿ ಹಾಗೆಯೇ ನಿಂತುಬಿಟ್ಟಳು.

ತಪ್ಪೇನಾದರೂ ಇದ್ದರೆ ಅದು ಮಗಳು ಚಂದನಳದು. ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಟೀಚರಾಗಿದ್ದ ಅವಳು ಅಮ್ಮನಿಗೆ ಐವತ್ತು ತುಂಬಿತೆಂದು ಕೇಕು ತಂದಿದ್ದಳು. ತಂದವಳು ಸುಮ್ಮನಿರಲಿಲ್ಲ. "ಅಮ್ಮಾ, ನಮ್ಮ ಸ್ಕೂಲಲ್ಲಿ ಹುಟ್ಟುಹಬ್ಬದ ಮಕ್ಳು ಈ ವರ್ಷ ಏನ್ ಮಾಡ್ತೀನಿ ಅಂತ ಎಲ್ಲರ ಮುಂದೆ ಹೇಳ್ಬೇಕು. ನೀನೂ ಎರಡು ಹೇಳು. ನಿನಗೋಸ್ಕರ ಒಂದು, ದೇವರಿಗೋಸ್ಕರ ಒಂದು. ಹೇಳದೆ ಕೇಕ್ ಇಲ್ಲ!" ಎಂದು ಹಟ ಹಿಡಿದಿದ್ದಳು.

ಮುನಿಲಕ್ಷ್ಮಿ ಮೊದಲು ನಕ್ಕಳು. ಆಮೇಲೆ, ಎಷ್ಟೋ ವರ್ಷಗಳಿಂದ ಬಾಯಿಪಾಠ ಮಾಡಿಟ್ಟುಕೊಂಡವಳಂತೆ ಹೇಳಿದಳು: "ನನಗೋಸ್ಕರ, ಸ್ಕೂಟಿ ಕಲೀತೀನಿ. ದೇವರಿಗೋಸ್ಕರ... ಪಕ್ಕದೂರಿನ ದೊಡ್ಡವೆಂಕಟಪ್ಪ ಗುರುಗಳ ಹತ್ರ ಉಪದೇಶ ತಗೊಂಡು, ಶನಿವಾರ ಅವರ ಭಜನೆ ಮನೇಲಿ ತತ್ವಪದ ಹಾಡ್ತೀನಿ."

ತಟ್ಟೆ ಬಿದ್ದದ್ದು ಆಗಲೇ.

ಗೌನಿಪಲ್ಲಿಯ ಆ ಮನೆಯಲ್ಲಿ ಮಾವಿನ ತೋಪಿತ್ತು, ಹಸುಗಳಿದ್ದವು, ಉಣ್ಣಲು ಉಡಲು ಯಾವುದಕ್ಕೂ ಕೊರತೆಯಿರಲಿಲ್ಲ. ಇಲ್ಲದಿದ್ದುದು ಹಾಡು ಒಂದೇ. ಮುನಿಲಕ್ಷ್ಮಿ ಮುಳಬಾಗಿಲು ಕಡೆಯ ಹುಡುಗಿ. ಅವಳ ಅಪ್ಪ ಗಂಗುಲಪ್ಪ ತಂಬೂರಿ ಹಿಡಿದು ಕೂತರೆ ಊರಿಗೆ ಊರೇ ಬಂದು ಅಂಗಳದಲ್ಲಿ ಕೂರುತ್ತಿತ್ತು. ಒಂದು ಸಾಲು ತೆಲುಗು, ಒಂದು ಸಾಲು ಕನ್ನಡ... ಅಪ್ಪನ ತೊಡೆಯ ಪಕ್ಕದಲ್ಲಿ ಕೂತು ತಾಳ ಹಾಕುತ್ತಲೇ ಅವಳು ಪದಗಳನ್ನೆಲ್ಲ ಕಲಿತದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಹಾಲು ಕರೆಯುತ್ತ ಒಮ್ಮೆ ಬಾಯಿ ತೆರೆದು ಹಾಡಿದಳು. ಅತ್ತೆ ಕೊಟ್ಟಿಗೆಗೆ ನುಗ್ಗಿ ಹಾಲಿನ ಚೊಂಬನ್ನು ಕಾಲಿನಿಂದ ಒದ್ದುಬಿಟ್ಟರು. ಆ ವರ್ಷದ ದೀಪಾವಳಿಗೆ ಮಗಳನ್ನು ನೋಡಲು ಬಂದ ಗಂಗುಲಪ್ಪನ ಹೆಗಲಲ್ಲಿ ತಂಬೂರಿ ಕಂಡು, "ಅದನ್ನ ಹೊರಗಿಟ್ಟು ಬನ್ನಿ" ಎಂದರು. "ಅದು ಹೊರಗಿದ್ರೆ ನಾನೂ ಹೊರಗೇ ಕಣಮ್ಮ" ಎಂದ ಆ ಮನುಷ್ಯ ಜಗಲಿಯ ಮೇಲೆ ಒಂದು ಲೋಟ ನೀರು ಕುಡಿದು, ಮಗಳ ತಲೆ ಸವರಿ, ಬಂದ ದಾರಿಯಲ್ಲೇ ಹೊರಟುಹೋದ. ಮತ್ತೆ ಆ ಮನೆಗೆ ಬರಲೇ ಇಲ್ಲ. ಅವನು ತೀರಿಕೊಂಡಾಗಲೂ ಮುನಿಲಕ್ಷ್ಮಿಯ ಗಂಟಲಿನಿಂದ ಅಳು ಬಂತೇ ಹೊರತು ಪದ ಬರಲಿಲ್ಲ!

ಅತ್ತೆಗೆ ತತ್ವಪದವೆಂದರೆ ಯಾಕಷ್ಟು ದ್ವೇಷವೆಂದು ಊರಿಗೆಲ್ಲ ಗೊತ್ತಿತ್ತು. ಮಾವ ಕೋದಂಡರಾಮಪ್ಪ ಮಗನಿನ್ನೂ ಚಿಕ್ಕವನಿರುವಾಗಲೇ ತತ್ವಪದ ಹಾಡುತ್ತ ತಿರುಗುವ ವೈರಾಗಿಗಳ ಹಿಂದೆ ಹೋದವರು ತಿರುಗಿ ಬಂದಿರಲಿಲ್ಲ. ಇದ್ದಾರೋ ಇಲ್ಲವೋ ತಿಳಿಯದೆ ಮುನಿಗಂಗಮ್ಮ ಇವತ್ತಿಗೂ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಕೇಕು ಹಾಗೆಯೇ ಉಳಿಯಿತು. ಮುನಿಗಂಗಮ್ಮ ತಮ್ಮ ಕೋಣೆ ಸೇರಿ ಮಲಗಿದವರು ಊಟಕ್ಕೆ ಏಳಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಯನ್ನೂ ಮುಟ್ಟಲಿಲ್ಲ. ತೋಪಿಗೆ ಹೊರಟಿದ್ದ ಗಂಡ ಶಿವಕುಮಾರ ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳ್ಳೆಯವನು, ಆದರೆ ತಾಯಿಯ ಕಣ್ಣೀರಿನ ಮುಂದೆ ಮಣ್ಣಿನ ಗೊಂಬೆ.

"ನಿಂಗೇನ್ ಕಮ್ಮಿ ಆಗಿದೆ ಈ ಮನೇಲಿ? ಅಮ್ಮ ನೀರೂ ಕುಡೀತಿಲ್ಲ. ನೀನೇ ಬಿಟ್ಬಿಡು, ಆಗಲ್ವಾ?"

"ಬಿಡಲ್ಲ ರೀ."

ಶಿವಕುಮಾರ ಬೆಚ್ಚಿದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಹೇಳಿದ್ದು ಇದೇ ಮೊದಲು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆ ಏನ್ ಬೇಕಾದ್ರೂ ಬಿಡ್ತೀನಿ. ಇದನ್ನ ಬಿಡಲ್ಲ" ಎಂದು, ಬಿಸಿ ಮುದ್ದೆ ಸಾರು ತಟ್ಟೆಗೆ ಹಾಕಿಕೊಂಡು ತಾನೇ ಅತ್ತೆಯ ಕೋಣೆಗೆ ನಡೆದಳು.

"ಅತ್ತೆ, ಎದ್ದೇಳಿ. ಎರಡು ತುತ್ತು ತಿನ್ನಿ."

"ತಗೊಂಡ್ಹೋಗು. ಬಿಟ್ಟು ಹೋಗೋರ ಕೈ ಅನ್ನ ನಂಗೆ ಬ್ಯಾಡ."

"ಎಲ್ಲಿಗೆ ಹೋಗ್ತೀನಿ ಅತ್ತೆ ನಾನು?"

ಮುನಿಗಂಗಮ್ಮ ದಡಕ್ಕನೆ ಎದ್ದು ಕೂತರು. ಕೆದರಿದ ಬಿಳಿ ಕೂದಲು, ಊದಿದ ಕಣ್ಣು... "ಅವರೂ ಹಿಂಗೇ ಅಂದ್ರು ಕಣೇ! ಎಲ್ಲಿಗೆ ಹೋಗ್ತೀನಿ, ಭಜನೆಗೆ ಹೋಗಿ ಬರ್ತೀನಿ ಅಂದ್ರು. ಉಪದೇಶ ತಗೊಂಡು ಇನ್ನೂ ತಿಂಗ್ಳಾಗಿರ್ಲಿಲ್ಲ. ಸೊಪ್ಪಿನ ಸಾರು ಮಾಡಿರು, ಬಂದು ಉಣ್ತೀನಿ ಅಂತ ಹೇಳಿ ಹೋದ್ರು. ಮಾಡಿ ಮುಚ್ಚಿಟ್ಟೆ. ಮಾರನೇ ದಿನಾನೂ ಮಾಡಿ ಮುಚ್ಚಿಟ್ಟೆ. ಯಾರಿಗೂ ಹೇಳಿಲ್ಲ ಇದನ್ನ, ಶಿವಕುಮಾರನಿಗೂ ಹೇಳಿಲ್ಲ. ಊರೋರು ನಗ್ತಾರೆ ಅಂತ... ಈಗ ನೀನೂ ಅದೇ ಉಪದೇಶ, ಅದೇ ಶನಿವಾರ ಅಂತೀಯಾ! ನೀನೂ ಹೋದ್ರೆ ನಂಗ್ಯಾರೇ ದಿಕ್ಕು?"

ಒಂದು ದಿನವೂ ಒಳ್ಳೆಯ ಮಾತಾಡದ ಈ ಅತ್ತೆ... ಹೆರಿಗೆಯ ನೋವಿನಲ್ಲಿ ಕೂಗಿದರೆ "ಮೆತ್ತಗೆ ಕೂಗು" ಎಂದು ಗದರಿದ್ದ ಈ ಅತ್ತೆ... ತನ್ನನ್ನು ಕಳೆದುಕೊಳ್ಳುವ ಭಯಕ್ಕೆ ಅನ್ನ ಬಿಟ್ಟು ಕೂತಿದ್ದಾರೆ! ಮುನಿಲಕ್ಷ್ಮಿ ತಟ್ಟೆಯನ್ನು ಕೆಳಗಿಟ್ಟು, ಮಂಚದ ಪಕ್ಕ ನೆಲದ ಮೇಲೆ ಕೂತಳು. ಹೇಳಬಾರದೆಂದುಕೊಂಡಿದ್ದ ಮಾತು ತಾನಾಗಿಯೇ ಬಂತು.

"ಅತ್ತೆ, ನಂಗೆ ನಿಮ್ಮ ಮೇಲೆ ಸಿಟ್ಟಿದೆ. ನಮ್ಮಪ್ಪನ್ನ ಜಗಲಿಯಿಂದ್ಲೇ ವಾಪಸ್ ಕಳ್ಸಿದ್ರಲ್ಲ, ಅವತ್ತಿಂದ ಇದೆ. ನಿಮಗೆ ಅನ್ನ ಬಡಿಸ್ತಾನೂ ಇತ್ತು, ಕಾಲು ಒತ್ತುತ್ತಾನೂ ಇತ್ತು. ಐವತ್ತಾಯ್ತು. ಇನ್ನೂ ಅದನ್ನ ಹೊತ್ಕೊಂಡು ತಿರುಗೋಕೆ ಆಗಲ್ಲ. ಅದು ಇಳೀಲಿ ಅಂತ್ಲೇ ಉಪದೇಶ ಕೇಳ್ತಿರೋದು, ಮನೆ ಬಿಟ್ಟು ಹೋಗೋಕಲ್ಲ. ಈ ಮನೇಲಿ ನೆಮ್ಮದಿಯಾಗಿ ಇರೋಕೆ."

ಹೊರಗೆ ಹಸುವೊಂದು ಕರುವನ್ನು ಕರೆಯುತ್ತಿತ್ತು. ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಿವಕುಮಾರ ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡು ತೋಪಿನ ಕಡೆ ನಡೆದುಬಿಟ್ಟ. ಮುನಿಗಂಗಮ್ಮ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು. "ಸಾರಿಗೆ ಉಪ್ಪು ಸಾಲ್ದು" ಎಂದಷ್ಟೇ ಹೇಳಿದರು.

ಸ್ಕೂಟಿ ಕಲಿಕೆ ಶುರುವಾದದ್ದು ಆ ವಾರವೇ. ಭಜನೆ ಮನೆಯಿದ್ದ ಪಕ್ಕದ ಊರಿಗೆ ಸಂಜೆ ಬಸ್ಸಿರಲಿಲ್ಲ. ಹೋದರೆ ಗಾಡಿಯಲ್ಲೇ ಹೋಗಬೇಕು. ಮಾವಿನ ಮರಗಳು ಮೈತುಂಬ ಹೂ ಬಿಟ್ಟಿದ್ದ ಕಾಲ. ಮನೆಯೆದುರಿನ ತೋಪಿನ ಮಣ್ಣು ದಾರಿಯಲ್ಲಿ ಚಂದನಳ ಗಾಡಿ ಹತ್ತಿದ ಮುನಿಲಕ್ಷ್ಮಿ, ಅವಳನ್ನೇ ಹಿಂದೆ ಕೂರಿಸಿಕೊಂಡು, ಕಾಲು ಎರಡೂ ಕಡೆ ಚಾಚಿಕೊಂಡೇ ಓಡಿಸುತ್ತಿದ್ದಳು. ಹಿಂದೆ ಶಿವಕುಮಾರ ಪಂಚೆ ಎತ್ತಿ ಕಟ್ಟಿ ಏದುಸಿರು ಬಿಡುತ್ತ ಓಡುತ್ತಿದ್ದ. ಒಮ್ಮೆ ಹುಲ್ಲಿನ ಮೆದೆಗೆ ನುಗ್ಗಿದಳು. ಇನ್ನೊಮ್ಮೆ ಮೊಣಕೈ ತರಚಿಕೊಂಡಳು. ಜಗಲಿಯ ಮೇಲೆ ಕೂತು ನೋಡದವರಂತೆ ನೋಡುತ್ತಿದ್ದ ಮುನಿಗಂಗಮ್ಮ ಕೊನೆಗೆ ತಡೆಯಲಾರದೆ ಕೂಗಿಕೊಂಡರು: "ಲೇ, ಬ್ರೇಕ್ ಹಾಕೇ! ಏನೋ ಇದು ಶಿವಕುಮಾರ, ಹೆಂಡ್ತೀನ ಸಾಯಿಸ್ತೀಯೇನೋ!" ತಾಯಿ ಮಗಳಿಬ್ಬರೂ ಗಾಡಿ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಉಪದೇಶ ಆದ ಮೇಲಿನ ಮೊದಲ ಶನಿವಾರ ಬಂತು. ದೊಡ್ಡವೆಂಕಟಪ್ಪ ಗುರುಗಳದು ರಾಗಿ ಬೆಳೆದು ಬದುಕುವ ಸಂಸಾರ. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಅವರು ಭಜನೆಗೆ ಕೂರುತ್ತಿದ್ದರು. ಸುತ್ತ ಕೂತವರೆಲ್ಲ ಗಂಡಸರು. ಹೆಂಗಸರು ಬಾಗಿಲಿನಾಚೆ. ಗುರುಗಳು ತಮ್ಮ ಪಕ್ಕದ ಚಾಪೆಯನ್ನು ತಟ್ಟಿ, "ಬಾಮ್ಮ, ಇಲ್ಲಿ ಕೂತ್ಕೊ. ಗಂಗುಲಪ್ಪನ ಮಗಳಲ್ವಾ ನೀನು" ಎಂದರು. ಮುನಿಲಕ್ಷ್ಮಿ ಕಣ್ಣು ಮುಚ್ಚಿದಳು. ಮೊದಲ ಸಾಲಿನಲ್ಲೇ ದನಿ ಒಡೆಯಿತು. ಎರಡನೇ ಸಲವೂ ಒಡೆಯಿತು. ಯಾರೂ ನಗಲಿಲ್ಲ, ತಾಳವನ್ನೂ ನಿಲ್ಲಿಸಲಿಲ್ಲ. ಮೂರನೇ ಸಲಕ್ಕೆ ಎಲ್ಲೋ ಆಳದಲ್ಲಿ ಕಟ್ಟಿಹಾಕಿದ್ದ ದನಿ ಬಿಚ್ಚಿಕೊಂಡು ಬಂತು... ಅಯ್ಯೋ, ಎಷ್ಟು ವರ್ಷ! ಹಾಡುತ್ತಿದ್ದವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆದರೆ ಮುಖದಲ್ಲಿ ದುಃಖವಿರಲಿಲ್ಲ.

ಇನ್ನೂ ಬೆಳಕಿರುವಾಗಲೇ ಅವಳು ಗಾಡಿ ತಿರುಗಿಸಿಕೊಂಡು ಬಂದಳು. ಊರ ಬಾಗಿಲಿನ ಹುಣಸೆಮರದ ಕೆಳಗೆ ಕೋಲೂರಿಕೊಂಡು ಯಾರೋ ನಿಂತಿದ್ದರು. ಹತ್ತಿರ ಬಂದರೆ ಅತ್ತೆ! ಮನೆಯಿಂದ ಅಷ್ಟು ದೂರ ಅವರು ನಡೆದು ಬಂದು ಎಷ್ಟೋ ವರ್ಷಗಳಾಗಿದ್ದವು.

"ಬಂದ್ಯಾ?"

"ಬಂದೆ ಅತ್ತೆ."

ಮುದುಕಿ ಸೊಸೆಯ ಮುಖ, ಮೊಣಕೈ, ಗಾಡಿ, ಎಲ್ಲವನ್ನೂ ಒಮ್ಮೆ ನೋಡಿದರು. "ಹೂಂ" ಎಂದು ತಿರುಗಿ ಮನೆಯ ಕಡೆ ಹೆಜ್ಜೆ ಹಾಕಿದರು. ಮುನಿಲಕ್ಷ್ಮಿ ಗಾಡಿಯನ್ನು ತಳ್ಳಿಕೊಂಡು ಅವರ ಪಕ್ಕದಲ್ಲೇ ನಡೆದಳು. ಮುಂದಿನ ಶನಿವಾರವೂ ಅತ್ತೆ ಹುಣಸೆಮರದ ಕೆಳಗಿದ್ದರು. ಅದರ ಮುಂದಿನ ವಾರ ಮನೆಯ ಬಾಗಿಲಲ್ಲಿದ್ದರು. ಬರಬರುತ್ತ ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಆಮೇಲೊಂದು ವಾರ ಮುನಿಲಕ್ಷ್ಮಿ ಬಂದಾಗ ಒಳಗೆ ಹಾಯಾಗಿ ನಿದ್ದೆ ಮಾಡುತ್ತಿದ್ದರು. ಆ ನಿದ್ದೆಯನ್ನು ನೋಡುತ್ತ ನಿಂತ ಮುನಿಲಕ್ಷ್ಮಿಗೆ, ತನ್ನೊಳಗಿನ ಸಿಟ್ಟನ್ನು ಹುಡುಕಿದರೆ, ಮೊದಲಿನ ಜಾಗದಲ್ಲಿ ಅದು ಸಿಗಲಿಲ್ಲ.

ತೋಪಿನಲ್ಲಿ ಕಾಯಿ ಬಲಿಯುವ ಹೊತ್ತಿಗೆ ಒಂದು ಶನಿವಾರ ಅವಳು ಹೊರಟು ನಿಂತಾಗ, ಮುನಿಗಂಗಮ್ಮ ಮಡಿಸಿಟ್ಟಿದ್ದ ಹೊಸ ಸೀರೆ ಉಟ್ಟು, ತಲೆ ಬಾಚಿಕೊಂಡು ಗಾಡಿಯ ಪಕ್ಕ ನಿಂತಿದ್ದರು.

"ನಾನೂ ಬರ್ತೀನಿ. ಬೀಳಿಸ್ಬ್ಯಾಡ ಅಷ್ಟೇ."

ಶಿವಕುಮಾರ ಓಡಿ ಬಂದು ತಾಯಿಯನ್ನು ಎತ್ತಿ ಹಿಂದೆ ಕೂರಿಸಿದ. ಒಣಗಿದ ಎರಡು ಕೈಗಳು ಸೊಸೆಯ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡವು. ಊರು ದಾಟಿ, ಎರಡೂ ಕಡೆ ಮಾವಿನ ಮರಗಳ ನೆರಳಿನ ದಾರಿಗೆ ಬಂದಾಗ ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿತು.

"ನಿಮ್ಮಪ್ಪನ್ನ ಒಳಕ್ಕೆ ಕರೀಬೇಕಾಗಿತ್ತು ಕಣೇ..."

ಮುನಿಲಕ್ಷ್ಮಿ ಒಂದು ಕೈ ಬಿಟ್ಟು ಅತ್ತೆಯ ಕೈಯನ್ನು ಅದುಮಿದಳು.

"ಎರಡೂ ಕೈಲಿ ಹಿಡ್ಕೊಂಡು ಓಡ್ಸೇ!" ಎಂದು ಅತ್ತೆ ಕಿರುಚಿದರು.

ಭಜನೆ ಮನೆಯಲ್ಲಿ ಮುನಿಗಂಗಮ್ಮ ಗೋಡೆಗೊರಗಿ, ಕಾಲು ಚಾಚಿ ಕೂತರು. ತಂಬೂರಿ ಮೀಟಿದಾಗ ಅವರ ಮೈ ಒಮ್ಮೆ ಬಿಗಿಯಾಯಿತು. ಸೊಸೆ ಹಾಡತೊಡಗಿದಳು. ಹುಡುಕುವವನು ಊರೂರು ಅಲೆದು, ಕೊನೆಗೆ ತನ್ನ ಒಲೆಯ ಮುಂದೆಯೇ ದೇವರನ್ನು ಕಂಡ ಪದ ಅದು. ಮುದುಕಿಯ ಕಣ್ಣಿಂದ ನೀರು ಹರಿಯಿತು. ಒರೆಸಿಕೊಳ್ಳಲಿಲ್ಲ. ಎಲ್ಲಿಗೋ ಹೋದ ಗಂಡನಿಗಾಗಿ ಜನರೆದುರು ಅವರು ಅತ್ತದ್ದು ಅದೇ ಮೊದಲು.

ಪದ ಮುಗಿಯಿತು. ಹೊತ್ತಾಯಿತೆಂದು, ಅತ್ತೆಗೆ ಆಯಾಸವಾದೀತೆಂದು ಮುನಿಲಕ್ಷ್ಮಿ ಮೇಲೇಳಲು ಹೋದಳು. ಆಗ ಗೋಡೆಯ ಕಡೆಯಿಂದ ಅತ್ತೆಯ ಗದರುವ ದನಿ ಬಂತು.

"ಕೂತ್ಕೊಳ್ಳೇ. ಇನ್ನೊಂದು ಪದ ಹೇಳು. ಏನ್ ಆತುರ ನಿಂಗೆ... ಇಬ್ರೂ ಇಲ್ಲೇ ಇದೀವಲ್ಲ!"