ಬಾಗಿಲು ದಾಟದ ಓವನ್

"ನನ್ನ ಮೈದುನನ್ನ ಕಳ್ಳ ಅಂತ ಬರೆದುಕೊಡಬೇಕಂತೆ, ಯಾಕಮ್ಮ. ಬರೆದುಕೊಟ್ರೆ ಅಂಗಡಿ ನನ್ನದಾಗುತ್ತಂತೆ."

ಕೆಳಗಿನ ಬೇಕರಿಯಾಕೆ ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಮಹಡಿ ಹತ್ತಿ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಅಲ್ಲೇ ಚಹಾ ಕುಡಿಯುತ್ತಿದ್ದರು. ಬರೆದುಕೊಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಲೋಟ ಕೆಳಗಿಟ್ಟರು. ಕಚೇರಿ, ಸಹಿ, ಮೊಹರು ಎಂದರೆ ಅವರಿಗೆ ಮೊದಲಿನಿಂದಲೂ ನಡುಕ.

ಯಾಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಟೆಲಿಫೋನ್ ಕಚೇರಿಯ ದೂರು ವಿಭಾಗದಲ್ಲಿ ಆಯುಸ್ಸು ಸವೆಸಿ ನಿವೃತ್ತರಾದ ಆ ಹೆಂಗಸಿಗೆ ಯಾರು ಏನು ಹೇಳಿದರೂ "ಯಾಕೆ?" ಎಂದು ಕೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಕಟ್ಟಡದ ನೀರಿನ ಮೋಟಾರು ಕದ್ದವನನ್ನೂ, ಮೂರನೇ ಮಹಡಿಗೆ ಬೆದರಿಕೆ ಪತ್ರ ಹಾಕುತ್ತಿದ್ದವನನ್ನೂ ಆಕೆ ಹಿಡಿದದ್ದು ಅದೊಂದೇ ಪ್ರಶ್ನೆಯಿಂದ. ಮೇಷ್ಟ್ರು ಎರಡು ಸಲವೂ ಜೊತೆಗಿದ್ದರು, ಎರಡು ಸಲವೂ ಬೇಡ ಬೇಡ ಎನ್ನುತ್ತಲೇ ಇದ್ದರು.

"ಮೊದಲಿಂದ ಹೇಳು," ಎಂದರು ಯಾಕಮ್ಮ.

ಬೇಕರಿ ಇದ್ದ ಮಳಿಗೆಯನ್ನು ಮಾಲೀಕ ಮಾರಲು ಹೊರಟಿದ್ದ. ತಿಂಗಳ ಕೊನೆಯೊಳಗೆ ಹಣ ಹೊಂದಿಸಿದರೆ ಅವಳಿಗೇ ಕೊಡುತ್ತೇನೆ ಎಂದಿದ್ದ. ಬ್ಯಾಂಕಿನವರು ಸಾಲಕ್ಕೆ ಒಪ್ಪಿ ಅವಳ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದರೆ, ಒಂದು ಫೈನಾನ್ಸ್ ಕಂಪನಿಗೆ ಓವನ್ ಸಾಲ ಕಟ್ಟದೆ ಉಳಿಸಿಕೊಂಡವಳು ಎಂದು ಅದರಲ್ಲಿತ್ತು.

"ಓವನ್‌ಗೆ ಸಾಲ ಕೇಳಿದ್ದು ನಿಜ. ಓವನ್ ಬಂದದ್ದೂ ನಿಜ. ಆದ್ರೆ ಬಾಗಿಲಲ್ಲಿ ಹಿಡೀಲಿಲ್ಲ, ಅದೇ ಲಾರೀಲಿ ವಾಪಸ್ ಹೋಯ್ತು. ಸಾಲ ರದ್ದು ಮಾಡಿಸ್ತೀನಿ ಅಂದಿದ್ದ ಮಾರಿದವನು. ಈಗ ಅವನ ಅಂಗಡೀನೇ ಇಲ್ಲ."

"ವಾಪಸ್ ಹೋದದ್ದನ್ನ ನೀನು ಕಣ್ಣಾರೆ ಕಂಡೆಯಾ?"

"ಇಲ್ಲ. ಅವತ್ತು ಅಮ್ಮನ ಜೊತೆ ಆಸ್ಪತ್ರೇಲಿದ್ದೆ. ಅಂಗಡೀಲಿ ಮೈದುನ ಒಬ್ಬನೇ. ಅದಕ್ಕೇ ಫೈನಾನ್ಸಿನವರು, ಅವನೇ ಅದನ್ನ ಎಲ್ಲೋ ಮಾರಿಕೊಂಡಿದ್ದಾನೆ, ಅವನ ಮೇಲೆ ದೂರು ಬರೆದುಕೊಡಿ, ನಿಮ್ಮ ಹೆಸರು ತೆಗೀತೀವಿ ಅಂತಾರೆ. ಎರಡು ಸಲ ತಕರಾರು ಹಾಕಿದೆ. ಎರಡು ಸಲವೂ 'ಪರಿಶೀಲಿಸಲಾಗಿದೆ, ದಾಖಲೆ ಸರಿಯಿದೆ' ಅಂತ ಒಂದೇ ಉತ್ತರ."

"ಮೈದುನ ಏನಂತಾನೆ?"

ಅವಳು ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿಕೊಂಡಳು. "ಬರೆದುಕೊಡಿ ಅತ್ತಿಗೆ, ಅಂಗಡಿ ಉಳೀಲಿ ಅಂತಾನೆ. ಮೊನ್ನೆಯಿಂದ ನನ್ನ ಎದುರಿಗೆ ಕೂತು ಊಟ ಮಾಡ್ತಿಲ್ಲ. ನನ್ನ ಗಂಡ ಹೋದಮೇಲೆ ಬೆಳಗಾಗೋ ಮುಂಚೆ ಎದ್ದು ಹಿಟ್ಟು ಕಲಸಿದವನು ಅವನು. ತಲೆ ಹೋದ್ರೂ ನಾನು ಬರೆಯೋದಿಲ್ಲ. ಆದ್ರೆ ಅಂಗಡೀನೂ ಬಿಡೋದಿಲ್ಲ."

"ಎರಡೂ ಬೇಕು ಅಂತೀಯ," ಎಂದರು ಯಾಕಮ್ಮ. "ಸರಿ. ಎರಡೂ ನಿನ್ನದೇ. ಮೇಷ್ಟ್ರೇ, ಚಪ್ಪಲಿ ಹಾಕ್ಕೊಳ್ಳಿ."

ಫೈನಾನ್ಸ್ ಕಂಪನಿಯ ಮ್ಯಾನೇಜರ್ ಗಾಜಿನ ಕೋಣೆಯಲ್ಲಿ ಕೂತಿದ್ದ. ಪಕ್ಕದಲ್ಲಿ ನಿಂತಿದ್ದವನು ಆ ಭಾಗದ ತನಿಖೆಯವನು. ಸಾಲದಲ್ಲಿ ಕೊಂಡ ವಸ್ತು ಮನೆ ಸೇರಿತೇ ಎಂದು ನೋಡಿ ಫೋಟೋ ತೆಗೆಯುವುದು ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಫೋಟೋದವನು ಎನ್ನುತ್ತಿದ್ದರು. ಮ್ಯಾನೇಜರ್ ಒಂದು ಚಿತ್ರವನ್ನು ಮೇಜಿನ ಮೇಲೆ ತಳ್ಳಿದ.

"ನೋಡಿ. ಓವನ್, ಹಿಂದೆ ಬೇಕರಿ ಬೋರ್ಡು, ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತ ಮೈದುನ. ಇನ್ನೇನು ಬೇಕು?"

ಮೇಷ್ಟ್ರು ಬಗ್ಗಿ ನೋಡಿದರು. ಓವನ್ ಬೀದಿಯಲ್ಲಿತ್ತು, ಅದಕ್ಕೆ ಬಿಗಿದ ಪಟ್ಟಿ ಕೂಡ ಬಿಚ್ಚಿರಲಿಲ್ಲ. ಹಿಂದಿನ ಬಾಗಿಲಿಗಿಂತ ಅದು ಅಗಲವಾಗಿಯೇ ಕಂಡಿತು. ಆದರೆ ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ ಎಂದು ಜೀವಮಾನವಿಡೀ ಮಕ್ಕಳಿಗೆ ಕಲಿಸಿದವರು ತಾವೇ ಅಲ್ಲವೇ? ಹಾಗೆಂದು ಯಾಕಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು.

"ಬಾಗಿಲಲ್ಲಿ ಹಿಡೀಲಿಲ್ವಂತೆ," ಮ್ಯಾನೇಜರ್ ನಕ್ಕ. "ಈಗ ಹೋಗಿ ನೋಡಿ, ಆ ಬಾಗಿಲಲ್ಲಿ ಆನೆ ಹೋಗುತ್ತೆ. ಅದೂ ಅಲ್ಲದೆ ಮೊದಲ ಮೂರು ಕಂತು ನಗದಾಗಿ ಕಟ್ಟಿದ್ದಾರೆ. ಇಲ್ಲದ ಓವನ್‌ಗೆ ಯಾರಾದ್ರೂ ಕಂತು ಕಟ್ತಾರಾ?"

"ಅದೇ ನಾನೂ ಕೇಳ್ತಿರೋದು. ಯಾಕೆ ಕಟ್ತಾರೆ?" ಎಂದರು ಯಾಕಮ್ಮ. "ಇವರ ತಕರಾರನ್ನ ಪರಿಶೀಲಿಸಿದ್ದು ಯಾರು?"

"ಆ ಏರಿಯಾ ಇವನದು. ಇವನೇ."

ಹೊರಗೆ ಬೀಳ್ಕೊಡಲು ಬಂದ ಫೋಟೋದವನು ಬೆಣ್ಣೆ ಸವರಿದ ಹಾಗೆ ಮಾತಾಡಿದ. ಬಿಸಿಲಲ್ಲಿ ತಿರುಗಾಟ ಕಷ್ಟ ಅಲ್ವಾ ಎಂದು ಯಾಕಮ್ಮ ಕನಿಕರ ತೋರಿಸಿದ್ದೇ ತಡ, ತನ್ನ ಗೋಳು ತೆಗೆದ. "ಏನು ಮಾಡೋದಮ್ಮ, ಮೂರು ಕಂತು ಸರಿಯಾಗಿ ಬಂದ್ರೆ ಮಾತ್ರ ನಮ್ಮ ಕಮಿಷನ್ ಗಟ್ಟಿ. ಇಲ್ಲಾಂದ್ರೆ ಕೊಟ್ಟಿದ್ದನ್ನೂ ಸಂಬಳದಲ್ಲಿ ಕಿತ್ಕೋತಾರೆ. ವಸೂಲಿಗೂ ನಾನೇ ಅಲೀಬೇಕು."

"ಪಾಪ," ಎಂದರು ಯಾಕಮ್ಮ. ಆಕೆ ಯಾರಿಗಾದರೂ ಪಾಪ ಅಂದರೆ ಮೇಷ್ಟ್ರಿಗೆ ಭಯವಾಗುತ್ತಿತ್ತು.

ಬೇಕರಿಯ ಹಿಂಬದಿಯಲ್ಲಿ ಮೈದುನ ಹಿಟ್ಟಿನ ಚೀಲಗಳ ಮೇಲೆ ಕೂತಿದ್ದ. ಮುಖ ಎತ್ತಲಿಲ್ಲ.

"ಗೋಡೆ ಒಡೆಸಿ ಬಾಗಿಲು ದೊಡ್ಡದು ಮಾಡಿದ್ದು ಆಮೇಲೆ, ಯಾಕಮ್ಮ. ಇನ್ನೊಂದು ಸಲ ಹಂಗಾಗಬಾರದು ಅಂತ. ಆದ್ರೆ ಯಾರು ನಂಬ್ತಾರೆ? ನನ್ನ ಹೆಸರು ಹೋದ್ರೆ ಹೋಗ್ಲಿ ಬಿಡಿ."

"ನಿನ್ನ ಹೆಸರು ನಿನ್ನೊಬ್ಬನ ಸ್ವತ್ತಲ್ಲ, ದಾನ ಮಾಡೋಕೆ. ಅವತ್ತು ಏನಾಯ್ತು ಹೇಳು."

"ಲಾರಿಯಿಂದ ಇಳಿಸಿದ ತಕ್ಷಣ ಫೋಟೋದವನು ಫೋಟೋ ತೆಗೆದು ಹೊರಟುಹೋದ. ಆಮೇಲೆ ಒಳಗೆ ನುಗ್ಗಿಸೋಕೆ ನೋಡಿದ್ವಿ. ಆಗಲಿಲ್ಲ. ಜೋರಾಗಿ ತಳ್ಳಿದ್ದಕ್ಕೆ ಎಡಗಡೆ ಮೇಲಿನ ಮೂಲೆ ಚೌಕಟ್ಟಿಗೆ ಬಡಿದು ನೆಗ್ಗಿಹೋಯ್ತು. ಲಾರಿಯವನು ಬಾಯಿಗೆ ಬಂದ ಹಾಗೆ ಬೈದು ವಾಪಸ್ ಹೇರಿಕೊಂಡು ಹೋದ."

ಯಾಕಮ್ಮ ಎದ್ದು ನಿಂತರು. "ಮೇಷ್ಟ್ರೇ, ನಿಮಗೆ ಬನ್ ಇಷ್ಟ ಅಲ್ವಾ?"

ಇಷ್ಟವೇನೋ ಹೌದು. ಆದರೆ ಮುಂದಿನ ದಿನಗಳಲ್ಲಿ ಮೇಷ್ಟ್ರು ತಿಂದ ಬನ್‌ಗಳನ್ನು ಶತ್ರುವಿಗೂ ತಿನ್ನಿಸಬಾರದು. ಕಂಡ ಕಂಡ ಬೇಕರಿ, ಕ್ಯಾಂಟೀನುಗಳಿಗೆಲ್ಲ ಯಾಕಮ್ಮ ಅವರನ್ನು ಎಳೆದುಕೊಂಡು ಹೋದರು. ಪ್ರತಿ ಕಡೆಯೂ ಮೇಷ್ಟ್ರು ಬನ್ ತಿಂದು ಹೊಗಳಬೇಕು, ಇಷ್ಟು ಚೆನ್ನಾಗಿ ಬೇಯಿಸಿದ ಓವನ್ ನೋಡಬಹುದೇ ಎಂದು ಯಾಕಮ್ಮ ಒಳಗೆ ನುಗ್ಗಬೇಕು. ಮೇಷ್ಟ್ರ ಹೊಟ್ಟೆ ಹಿಟ್ಟಿನ ಮೂಟೆಯಾಯಿತು. ತಿಂಗಳ ಕೊನೆ ಹತ್ತಿರ ಬಂತು. "ಇದು ನಮ್ಮಿಂದ ಆಗೋ ಕೆಲಸ ಅಲ್ಲ," ಎಂದು ಅವರು ಗೊಣಗಿದರು.

"ಫೈನಾನ್ಸಿನವರಿಂದ ಆಗೋ ಕೆಲಸಾನೇ. ಅವರು ಮಾಡಲ್ಲ, ಅದಕ್ಕೆ ನಾವು ಮಾಡ್ತಿರೋದು. ನಡೀರಿ."

ವಿದ್ಯಾರ್ಥಿನಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ಯಾಕಮ್ಮ ಗಕ್ಕನೆ ನಿಂತರು. ಅಲ್ಲಿದ್ದ ಓವನ್ನಿನ ಎಡ ಮೂಲೆಯನ್ನು ಬಡಿದು ಸಮ ಮಾಡಿ ಮೇಲೆ ಬಣ್ಣ ಬಳಿದಿದ್ದರು. ಹಿಂಬದಿಯ ತಗಡಿನಲ್ಲಿ ಓವನ್ ನಂಬರಿನ ಅಂಕಿಗಳನ್ನು ಒತ್ತಿದ್ದರು. ಮೇಷ್ಟ್ರು ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಮೂಡಿದವು.

ಮರುದಿನ ಯಾಕಮ್ಮ ಮ್ಯಾನೇಜರಿಗೆ ಫೋನ್ ಮಾಡಿ, ಬರೆದದ್ದು ಸಿದ್ಧವಾಗಿದೆ, ನಿಮ್ಮ ಫೋಟೋದವನ ಜೊತೆ ಬಂದು ತಗೊಂಡು ಹೋಗಿ ಎಂದರು. ಇಬ್ಬರೂ ಮುಖ ಅರಳಿಸಿಕೊಂಡು ಬೇಕರಿಗೆ ಬಂದರು. ಅಲ್ಲಿ ಅತ್ತಿಗೆ, ಮೈದುನ, ಮೇಷ್ಟ್ರು, ಜೊತೆಗೆ ಹಾಸ್ಟೆಲಿನ ಮೇಲ್ವಿಚಾರಕಿಯೂ ಕೂತಿದ್ದರು. ಆಕೆಯನ್ನು ಕಂಡದ್ದೇ ಫೋಟೋದವನ ಮುಖ ಸಪ್ಪಗಾಯಿತು.

"ಮ್ಯಾನೇಜರೇ, ಇವರ ಸಾಲದ ಪತ್ರದಲ್ಲಿರೋ ಓವನ್ ನಂಬರ್ ಓದಿ," ಎಂದರು ಯಾಕಮ್ಮ.

ಅವನು ಓದಿದ. ಮೇಷ್ಟ್ರು ಪೆನ್ಸಿಲ್ ಉಜ್ಜಿದ ಕಾಗದವನ್ನು ಎತ್ತಿ ಹಿಡಿದರು. ಅಂಕಿಗೆ ಅಂಕಿ ಹೊಂದಿತು.

"ಇದು ಹಾಸ್ಟೆಲಿನ ಓವನ್ ನಂಬರ್," ಎಂದರು ಯಾಕಮ್ಮ. "ಅಮ್ಮ, ನೀವು ಇದನ್ನ ಎಲ್ಲಿ ಕೊಂಡ್ರಿ?"

"ಅದೇ ಮುಚ್ಚಿಹೋದ ಅಂಗಡೀಲಿ. ಮೂಲೆ ನೆಗ್ಗಿದೆ ಅಂತ ಕಡಿಮೆಗೆ ಕೊಟ್ರು," ಎಂದರು ಮೇಲ್ವಿಚಾರಕಿ. "ಸಾಲ ಕೊಟ್ಟಿದ್ದು ಇವರ ಕಂಪನೀನೇ. ಅದು ತೀರಿ ಹೋಗಿದೆ. ಫೋಟೋ ತೆಗೆಯೋಕೆ ಬಂದಿದ್ದವರು ಇಗೋ, ಇವರೇ."

"ಒಂದೇ ಓವನ್‌ಗೆ ಎರಡು ಸಾಲ," ಯಾಕಮ್ಮ ಮ್ಯಾನೇಜರನತ್ತ ತಿರುಗಿದರು. "ಹುಡುಗ ಕದ್ದು ಮಾರಿದ್ರೆ ಅದು ಅಂಗಡಿಗೆ ವಾಪಸ್ ಹೋಗಿ ನಿಮ್ಮದೇ ಸಾಲದ ಮೇಲೆ ಮತ್ತೆ ಮಾರಾಟ ಆಗ್ತಿರಲಿಲ್ಲ. ನೆಗ್ಗಿದ ಮೂಲೇನೇ ಹೇಳುತ್ತೆ, ಅದು ಇಲ್ಲಿ ಬಾಗಿಲಿಗೆ ಬಡಿದು ವಾಪಸ್ ಹೋಯ್ತು ಅಂತ. ಅಂಗಡಿಯವನು ಮೊದಲ ಸಾಲದ ದುಡ್ಡು ನಿಮಗೆ ತಿರುಗಿಸದೆ ನುಂಗಿದ. ಆದ್ರೆ ಆ ಮೂರು ಕಂತು ಕಟ್ಟಿದ್ದು ಯಾರು, ಯಾಕೆ? ಕಳ್ಳನಿಗೆ ಮೂರೇ ಕಂತು ಕಟ್ಟೋ ದರ್ದೇನು? ಮೂರು ಕಂತು ಬಂದ್ರೆ ಯಾರ ಕಮಿಷನ್ ಗಟ್ಟಿ ಆಗುತ್ತೋ ಅವನಿಗೆ ಮಾತ್ರ ಆ ದರ್ದು."

"ನಾನು ಕೌಂಟರಿಗೆ ಹೋಗಿ ಕಟ್ಟಿಲ್ಲ," ಎಂದ ಫೋಟೋದವನು.

"ನೀನೇ ಅಂತ ಯಾರಪ್ಪ ಹೇಳಿದ್ದು?" ಎಂದರು ಯಾಕಮ್ಮ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಮೇಷ್ಟ್ರು ಕಣ್ಣಾರೆ ಕಂಡದ್ದು ಅಂದೇ.

ಫೋಟೋದವನು ಬೆಂಚಿನ ಮೇಲೆ ಕುಸಿದ. ಇಳಿಸಿದ ಕೂಡಲೇ ಫೋಟೋ ತೆಗೆದದ್ದು ತಪ್ಪು, ಒಳಗೆ ಕೂರಿಸಿದ ಮೇಲೆ ತೆಗೆಯಬೇಕಿತ್ತು ಎಂದ. ಹಾಸ್ಟೆಲಿನಲ್ಲಿ ಅದೇ ನಂಬರ್ ಕಂಡಾಗ ಜೀವ ಬಾಯಿಗೆ ಬಂತಂತೆ. ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ ಎಂದು ಕಂತು ತಾನೇ ಕಟ್ಟಿಸಿ, ವಸೂಲಿಗೆ ಈ ಬೀದಿಗೆ ಕಾಲಿಡದೆ, ತಕರಾರು ಬಂದಾಗ ಸರಿಯಿದೆ ಎಂದು ಬರೆದು ಹಾಕಿದ್ದನಂತೆ.

"ಇವನು ಮಾಡಿದ್ದು ತಪ್ಪು," ಯಾಕಮ್ಮ ಮ್ಯಾನೇಜರನನ್ನೇ ನೋಡುತ್ತಿದ್ದರು. "ನೀವು ಮಾಡಿದ್ದು? ಇವನ ಮೇಲಿನ ತಕರಾರನ್ನ ಇವನ ಕೈಗೇ ಕೊಟ್ರಿ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನೀವು. ಅದರ ಮೇಲೆ ಅತ್ತಿಗೆ ಕೈಲಿ ಮೈದುನನ್ನ ಕಳ್ಳ ಅಂತ ಬರೆಸೋಕೆ ಹೊರಟ್ರಿ. ಯಾಕೆ?"

ಮ್ಯಾನೇಜರ್ ಕರವಸ್ತ್ರದಿಂದ ಮುಖ ಒರೆಸಿಕೊಂಡ. "ಆಗಿದ್ದು ಆಗಿಹೋಯ್ತು. ಸದ್ದಿಲ್ಲದೆ ತೆಗೆದುಹಾಕ್ತೀವಿ. ಬೇಕಿದ್ರೆ ಕಡಿಮೆ ಬಡ್ಡೀಲಿ ಹೊಸ ಓವನ್..."

"ಸದ್ದಿಲ್ಲದೆ ಯಾಕೆ?" ಈ ಸಲ ಕೇಳಿದವಳು ಬೇಕರಿಯಾಕೆ. "ಕಳ್ಳ ಅಂದಾಗ ಇಡೀ ಬೀದಿಗೆ ಕೇಳಿಸ್ತು. ತಪ್ಪು ನಮ್ಮದು, ಹುಡುಗನದ್ದೇನೂ ತಪ್ಪಿಲ್ಲ ಅಂತ ಬರೆದು ಮೊಹರು ಹಾಕಿ ಕೊಡಿ. ಕ್ರೆಡಿಟ್ ರಿಪೋರ್ಟ್ ಮಾಡೋರಿಗೆ ಒಂದು, ನನ್ನ ಬ್ಯಾಂಕಿಗೆ ಒಂದು, ಈ ಗೋಡೆ ಮೇಲೆ ಅಂಟಿಸೋಕೆ ಒಂದು. ನಿಮ್ಮ ಓವನ್ ನಿಮಗೇ ಇರ್ಲಿ."

ಕೂತಲ್ಲೇ ಬರೆಸಿದಳು. ಒಂದು ಸಾಲು ಮೆತ್ತಗಿದೆ ಎಂದು ಕಾಗದ ಹರಿದುಹಾಕಿಸಿ ಮತ್ತೆ ಬರೆಸಿದವರು ಡ್ರಾಯಿಂಗ್ ಮೇಷ್ಟ್ರು. ತಮಗೆ ಆ ಧೈರ್ಯ ಎಲ್ಲಿಂದ ಬಂತೆಂದು ಅವರಿಗೇ ತಿಳಿಯಲಿಲ್ಲ. ಮೈದುನ ಎದ್ದು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಅತ್ತ. ಆಮೇಲೆ ಎಲ್ಲರಿಗೂ ಚಹಾ ತಂದ, ಮ್ಯಾನೇಜರಿಗೂ ಕೊಟ್ಟ.

ರಿಪೋರ್ಟ್ ಸರಿಯಾಯಿತು. ಗಡುವು ಮುಗಿಯುವ ಮುಂಚೆ ಬ್ಯಾಂಕು ಸಾಲ ಕೊಟ್ಟಿತು. ಸಹಿ ಹಾಕುವ ದಿನ ಯಾಕಮ್ಮನೂ ಮೇಷ್ಟ್ರೂ ಜೊತೆಗೆ ಹೋಗಿದ್ದರು. ಅಂಗಡಿ ತನ್ನ ಮತ್ತು ಮೈದುನನ ಇಬ್ಬರ ಹೆಸರಿಗೂ ಆಗಬೇಕು ಎಂದು ಬೇಕರಿಯಾಕೆ ಪಟ್ಟು ಹಿಡಿದಳು. ಮೈದುನ ಬೇಡ ಅತ್ತಿಗೆ ಎಂದು ಗೋಗರೆದ. ಬ್ಯಾಂಕಿನ ಅಧಿಕಾರಿ ತಲೆಯೆತ್ತಿ, "ಸಾಲ ಸಿಕ್ಕಿರೋದು ನಿಮ್ಮೊಬ್ಬರ ಹೆಸರಲ್ಲೇ. ಅವರ ಹೆಸರು ಯಾಕೆ?" ಎಂದು ಕೇಳಿದ.

ಯಾಕಮ್ಮ ಬೇಕರಿಯಾಕೆಯತ್ತ ತಿರುಗಿದರು.

"ಇವನ ಹೆಸರು ಬರೆದುಕೊಟ್ರೆ ಅಂಗಡಿ ನನ್ನದಾಗುತ್ತೆ ಅಂದಿದ್ರು," ಎಂದಳು ಅವಳು. "ಅದಕ್ಕೇ ಬರೀತಿದ್ದೀನಿ."